ಬಿಸಿಯೇ ಆಗದ ಆಂಪ್ಲಿಫೈಯರು

ಲೌಡ್‌ಸ್ಪೀಕರ್ ಕೂಗದೆ ಮದುವೆಯೇ ಆಗದ ಕಾಲವೊಂದಿತ್ತಲ್ಲ, ಆ ಕಾಲದ ಮೈಕ್‌ಸೆಟ್ ಮಾರಣ್ಣ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಹೆಂಡತಿ ಕೆಂಚಮ್ಮ, ಮಗ ಓಬಳೇಶ, ನಾಲ್ಕು ಲೌಡ್‌ಸ್ಪೀಕರ್. ಮಗ ಆಳೆತ್ತರ ಬೆಳೆದಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಕೆಂಚಮ್ಮನ ಕೊರಗೂ ಅದೇ.

ಗಂಡನ ಹಳೇ ವಾಲ್ವ್ ಸೆಟ್ಟು ಸುಟ್ಟುಹೋದಾಗ ಅವಳು ಹೊಸ ಡಿಜಿಟಲ್ ಆಂಪ್ಲಿಫೈಯರ್ ತರಿಸಿದಳು. ಊರಿನವರು ಪೇಟೆಯ ಸೆಟ್ಟಿನ ಕಡೆ ತಿರುಗಬಾರದು, ಮಾರಣ್ಣನ ಹೆಸರು ಉಳಿಯಬೇಕು, ಅಷ್ಟೇ ಅವಳ ಆಸೆ.

ಮೊದಲ ಕರೆ ಒಂದು ನಾಮಕರಣಕ್ಕೆ. ಓಬಳೇಶ ಆಂಪ್ಲಿಫೈಯರ್ ಆನ್ ಮಾಡಿ ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತ. ಸೆಟ್ಟು ಬಿಸಿಯಾದ ಮೇಲೆ ಹಾಡು ಹಾಕು ಅಂತ ಅಪ್ಪ ಕಲಿಸಿದ್ದ. ಆಗ ವಾಲ್ವುಗಳು ಕೆಂಡದ ಹಾಗೆ ಮೆಲ್ಲಗೆ ಕೆಂಪಾಗುತ್ತಿದ್ದವು, ಬೆಚ್ಚನೆಯ ಧೂಳಿನ ವಾಸನೆ ಬರುತ್ತಿತ್ತು, ಆಮೇಲೆ ದನಿ. ಹೊಸದು ಬಿಸಿಯಾಗುವ ಜಾತಿಯದೇ ಅಲ್ಲ. ಕೂಸಿಗೆ ಹೆಸರಿಟ್ಟರು, ಊಟವಾಯಿತು, ಎಲೆ ಎತ್ತಿದರು. ಇವನ ಅಂಗೈ ಇಟ್ಟಲ್ಲೇ ಇತ್ತು.

“ಇನ್ನೂ ತಣ್ಣಗೈತೆ ಕಣವ್ವ,” ಅಂದ.

ಕೆಂಚಮ್ಮ ದಾರಿಯುದ್ದಕ್ಕೂ ಬೈಯುತ್ತ ಅವನನ್ನು ರೇಡಿಯೊ ರಿಪೇರಿಯ ಜಬೀವುಲ್ಲಾ ಸಾಬರ ಅಂಗಡಿಗೆ ಎಳೆದುಕೊಂಡು ಹೋದಳು. ಇದಕ್ಕೆ ಶಾಖ ಬೇಡ, ತಾಳ ಬೇಕು ಅಂದರು ಸಾಬರು. ಮೊದಲು ಹಾಡಿನ ಪ್ಲೇಯರ್, ಆಮೇಲೆ ಆಂಪ್ಲಿಫೈಯರ್ ಹಾಕಬೇಕು. ಪ್ಲೇಯರ್ ಕೊಡುವ ತಾಳ ನೆಟ್ಟಗೆ ನಿಂತರೆ ಹಸಿರು ದೀಪ ಮಿಣುಕದೆ ನಿಲ್ಲುತ್ತದೆ. ಆಗ ದನಿ ಬಿಡಬೇಕು.

“ಕೊಡೋನು ನಡುಗ್ತಿದ್ದರೆ ದನಿ ಬಿಡಬೇಡ. ತಿಳೀತೇನೋ?”

ತಿಳಿಯಿತು. ಮುಂದಿನ ವಾರ ಶಾಲೆಯಲ್ಲಿ ಎಂಬತ್ತು ದಾಟಿದ ಹೆಡ್‌ಮಾಸ್ತರಿಗೆ ಸನ್ಮಾನ. ದೀಪ ನಿಂತಿತ್ತು, ಆದರೆ ಮೈಕು ಹಿಡಿದ ಮಾಸ್ತರರ ಕೈ ನಡುಗುತ್ತಿತ್ತು. ಓಬಳೇಶ ಕಾದ. ಮಾಸ್ತರರು ಅರ್ಧ ಗಂಟೆ ತುಟಿ ಆಡಿಸಿ, ಕಣ್ಣೊರೆಸಿಕೊಂಡು, ಕೂತರು. ಅವರೇನು ಹೇಳಿದರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

“ವಯಸ್ಸಾದೋರು ನಡುಗದೆ ಏನು ಮಾಡ್ತಾರೋ?” ಅಂತ ಕೆಂಚಮ್ಮ ತಲೆ ಚಚ್ಚಿಕೊಂಡಳು. ಮತ್ತೆ ಅಂಗಡಿಗೆ ಹೋದಾಗ ಸಾಬರು ಪ್ಲೇಯರಿನ ವೈರು ಬಿಗಿ ಮಾಡಿ, ಹೊಸ ಬುದ್ಧಿ ಹೇಳಿ ಕಳಿಸಿದರು: “ನಡುಕ ಕಂಡರೆ ಸುಮ್ಮನೆ ಕೂರಬೇಡಪ್ಪ. ಕಿತ್ತು ತೆಗಿ, ಹತ್ತು ಎಣಿಸು, ಮತ್ತೆ ಒತ್ತಿ ಕೂರಿಸು.”

ಆಮೇಲೆ ಬಂದದ್ದು ರುದ್ರಪ್ಪನವರ ದೊಡ್ಡ ಮಗಳ ಮದುವೆ. ರುದ್ರಪ್ಪನವರ ಮದುವೆಯಿಂದ ಹಿಡಿದು ಆ ಮನೆಯ ಎಲ್ಲ ಮದುವೆಗೂ ಕೂಗಿದ್ದು ಮಾರಣ್ಣನ ಸೆಟ್ಟೇ. ಇದೂ ಕೆಟ್ಟರೆ ಲೌಡ್‌ಸ್ಪೀಕರುಗಳನ್ನು ಗುಜರಿಗೆ ಹಾಕುತ್ತೇನೆ ಅಂದಿದ್ದಳು ಕೆಂಚಮ್ಮ.

ಕೆಡಲಿಲ್ಲ. ಪ್ಲೇಯರ್, ಆಂಪ್ಲಿಫೈಯರ್, ದೀಪ, ದನಿ. ಹಾಡು ಕೆರೆಯ ಆಚೆ ದಡದವರೆಗೂ ಹೋಯಿತು. ನೀರು ತರುತ್ತಿದ್ದ ಹೆಂಗಸರು ನಿಂತು ಕೇಳಿದರು. ಕೆಂಚಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮುಹೂರ್ತ ಬಂತು. ತಾಳಿ ಹಿಡಿದ ಮದುಮಗನ ಕೈ ಗಡಗಡ ನಡುಗಿತು.

ಓಬಳೇಶ ಎದ್ದ. ಮದುಮಗನ ರಟ್ಟೆ ಹಿಡಿದು ಮಣೆಯಿಂದ ಕಿತ್ತು ತೆಗೆದ. ಹತ್ತು ಎಣಿಸತೊಡಗಿದ. ಏಳಕ್ಕೆ ತಪ್ಪಿ ಮತ್ತೆ ಒಂದರಿಂದ ಶುರುಮಾಡಿದ. ಪುರೋಹಿತರು ಮಂತ್ರ ಮರೆತರು. ಹತ್ತಾದ ಮೇಲೆ ಹೆಗಲ ಮೇಲೆ ಎರಡೂ ಕೈಯಿಟ್ಟು ಮದುಮಗನನ್ನು ಒತ್ತಿ ಕೂರಿಸಿದ. ಆ ಹೊಡೆತಕ್ಕೆ ನಡುಕ ನಿಂತೇಹೋಯಿತು. ತಾಳಿ ಕೊರಳಿಗೆ ಬಿತ್ತು, ಮೂರು ಗಂಟೂ ನೆಟ್ಟಗೆ.

ರುದ್ರಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ಮುಂದಿನ ತಿಂಗಳು ಚಿಕ್ಕವಳ ಮದುವೆಗೂ ನಿಮ್ಮ ಸೆಟ್ಟೇ ಬರಲಿ ಕೆಂಚಮ್ಮ. ಇವನನ್ನು ಮಾತ್ರ ಚಪ್ಪರದಿಂದ ಹತ್ತು ಮಾರು ದೂರ ಕಟ್ಟಿಹಾಕು.”

ಮುಂದಿನ ತಿಂಗಳು ವಾಲಗ ಶುರುವಾಯಿತು, ಸೆಟ್ಟು ಮಾತ್ರ ಕೂಗಲಿಲ್ಲ. ಕೆಂಚಮ್ಮ ಹೊರಗೆ ಓಡಿ ಬಂದಳು. ಆಂಪ್ಲಿಫೈಯರು ಚಪ್ಪರದೊಳಗೆ ಮೇಜಿನ ಮೇಲಿತ್ತು. ಓಬಳೇಶ ಕರೆಂಟು ಕಂಬಕ್ಕೆ ಬೆನ್ನು ಕೊಟ್ಟು, ಸೊಂಟಕ್ಕೆ ಹಗ್ಗ ಸುತ್ತಿ, ತನ್ನನ್ನು ತಾನೇ ಬಿಗಿದುಕೊಂಡಿದ್ದ.

“ಹತ್ತೇ ಮಾರು ಅವ್ವ, ಎರಡು ಸಲ ಅಳೆದೀನಿ. ಸ್ವಿಚ್ಚೇ ಎಟುಕ್ತಿಲ್ಲ.”

ಈ ಸಲ ಕೆಂಚಮ್ಮ ಬೈಯದೆ ಚಪ್ಪರದೊಳಗೆ ವಾಪಸು ಹೋದಳು. ಮೂವತ್ತು ವರ್ಷ ಬರೀ ಲೌಡ್‌ಸ್ಪೀಕರು ಒರೆಸಿದ ಕೈ ಮೊದಲು ಪ್ಲೇಯರ್ ಒತ್ತಿತು, ಆಮೇಲೆ ಆಂಪ್ಲಿಫೈಯರ್. ದೀಪ ನಿಲ್ಲುವ ತನಕ ಕಾದು ದನಿ ಬಿಟ್ಟಳು. ಕೆರೆಯ ಆಚೆಗೂ ಕೇಳಿಸಿತು.

ಓಬಳೇಶನಿಗೆ ಬಿಚ್ಚಿಕೋ ಅಂತ ಯಾರೂ ಹೇಳಿರಲಿಲ್ಲ. ಊಟದ ಎಲೆಯನ್ನು ಕಂಬದ ಹತ್ತಿರಕ್ಕೇ ಕೊಂಡೊಯ್ದು ಹಾಕಿದರು.