ತೂಬಿನ ಹಲಗೆ

ಹೊಳೆ ಕಡಲಿಗೆ ಸೇರುವಲ್ಲಿ ಹೊನ್ನಪ್ಪ ಗುರುಗಳ ಆಶ್ರಮ. ಆಶ್ರಮ ಅಂದರೆ ಎರಡು ಗುಡಿಸಲು, ಒಂದು ಬಾವಿ. ಬಾವಿಯ ನೀರೂ ಸ್ವಲ್ಪ ಉಪ್ಪೇ.

ಒಂದು ದಿನ ಮಾದೇವನೆಂಬ ಗದ್ದೆಯವನು ಹುಲ್ಲಿನಲ್ಲಿ ಕಟ್ಟಿದ ಬೀಜದ ಮುಡಿ ಹೊತ್ತು ಬಂದ. ನಲವತ್ತು ದಾಟಿದವನು.

"ಗುರುಗಳೇ, ಕಡಲು ಉಕ್ಕಿ ಗದ್ದೆಯೆಲ್ಲ ಉಪ್ಪಾಯಿತು. ಊರಿಗೆ ಉಳಿದ ಭತ್ತದ ಬೀಜ ಇದೊಂದೇ. ಅವ್ವ ಕಟ್ಟಿಟ್ಟದ್ದು."

"ಅವ್ವ ಎಲ್ಲಿ?"

"ಆವತ್ತು ಒಡ್ಡಿನ ಮೇಲೆ ನಿಂತು, ಹಲಗೆ ಹಾಕೋ ಮಾದೇವಾ ಅಂತ ಕೂಗಿದಳು. ನಾನು ಓಡಿಹೋಗಿ ನೀರು ನುಗ್ಗುವ ತೂಬಿಗೆ ಹಲಗೆ ಇಳಿಸಿದೆ. ಮನೆಗಳು ಉಳಿದವು. ತಿರುಗಿ ನೋಡಿದರೆ ಅವಳಿಲ್ಲ."

ಗುರುಗಳು ಎದ್ದು ಗುಡಿಸಲೊಳಗೆ ಹೋದರು. ಪೆಟ್ಟಿಗೆಯಿಂದ ಒಂದು ಸೀಸೆ ತೆಗೆದರು. ಕಾವಿ ಉಡುವ ಮೊದಲು ಅವರು ಬೆಳೆಗಳ ಪ್ರಯೋಗಶಾಲೆಯಲ್ಲಿದ್ದವರು. ಸಂಸಾರ ಬಿಟ್ಟರೂ ಸೀಸೆ ಬಿಟ್ಟಿರಲಿಲ್ಲ. ಅದರಲ್ಲಿ ಕೆಂಪು ಹರಳುಗಳಿದ್ದವು.

ಒಂದು ಹಿಡಿ ಬೀಜವನ್ನು ಬರೀ ನೀರಿನಲ್ಲಿ ನೆನೆಸಿದರು. ಉಳಿದದ್ದನ್ನೆಲ್ಲ ಚಿಟಿಕೆ ಹರಳು ಕರಗಿಸಿದ ನೀರಿನಲ್ಲಿ.

"ಇದೇನು ಗುರುಗಳೇ?"

"ಬೆಳಕು ಬಿದ್ದರೆ ಈ ಹರಳು ಒಂದು ಉಸಿರು ಬಿಡ್ತದೆ. ನೈಟ್ರಿಕ್ ಆಕ್ಸೈಡ್ ಅಂತಾರೆ. ಉಪ್ಪು ತಾಗಿದಾಗ ಗಿಡ ತಾನೂ ಅದನ್ನು ಮಾಡಿಕೊಳ್ತದೆ. ನಾವು ಮೊದಲೇ ಒಂದು ಸಲ ಕೇಳಿಸ್ತಾ ಇದ್ದೇವೆ."

"ಏನಂತ?"

"ಉಪ್ಪು ಬಂತು, ಬಾಗಿಲು ಹಾಕು ಅಂತ."

"ಅವ್ವ ಕೂಗಿದ್ದೂ ಅದನ್ನೇ," ಎಂದ ಮಾದೇವ.

ಆಶ್ರಮದ ಹತ್ತಿರದ ಅದೇ ಒಡ್ಡಿನ ಒಳಗಿನ ಗದ್ದೆಯಲ್ಲಿ ಬಿತ್ತಿದರು. ಬರೀ ನೀರಿನ ಸಸಿಗಳು ವಾರದಲ್ಲಿ ಸುಟ್ಟುಹೋದವು. ಉಳಿದವು ಬಿಳಿ ಉಪ್ಪಿನ ನಡುವೆ ಹಸಿರಾಗಿ ನಿಂತವು. ಗಾಳಿ ಬೀಸಿದರೂ ಅಲುಗಲಿಲ್ಲ. ಏನನ್ನೋ ಕಿವಿಗೊಟ್ಟು ಕೇಳುತ್ತಿದ್ದಂತೆ ಇದ್ದವು.

"ಆ ಉಸಿರು ಈಗ ಎಲ್ಲಿದೆ ಗುರುಗಳೇ?" ಎಂದ ಮಾದೇವ.

"ಇಲ್ಲ. ನಾವು ಇಷ್ಟು ಮಾತಾಡುವಷ್ಟು ಹೊತ್ತೂ ಅದು ಇರೂದಿಲ್ಲ."

"ಹಾಗಾದರೆ ಇವು ಯಾರ ಮಾತು ಕೇಳ್ತಾ ನಿಂತಿವೆ?"

ಗುರುಗಳು ಬಾವಿಯ ಕಡೆ ನಡೆದರು.

ಮಾದೇವ ಆಶ್ರಮದಲ್ಲೇ ಉಳಿದ. ಅವನಿಗೆ ಒಂದೇ ಕೆಲಸ. ಇಳಿತದಲ್ಲಿ ತೂಬಿನ ಹಲಗೆ ಎತ್ತಿ ಗದ್ದೆಯ ನೀರು ಬಿಡುವುದು, ಉಬ್ಬರ ಏರುವ ಮೊದಲು ಮತ್ತೆ ಇಳಿಸುವುದು.

ಒಂದು ಹಗಲು ಗುರುಗಳು ಗದ್ದೆಗೆ ಬಂದರೆ ಸಸಿಗಳು ಕುತ್ತಿಗೆಮಟ್ಟ ಉಪ್ಪುನೀರಿನಲ್ಲಿದ್ದವು. ತೂಬು ತೆರೆದೇ ಇತ್ತು. ಪಕ್ಕದಲ್ಲೇ ಮಾದೇವ ಕಣ್ಣು ಮುಚ್ಚಿ ಕೂತಿದ್ದ.

ಗುರುಗಳೇ ಹಲಗೆ ಇಳಿಸಿದರು. ಮಾದೇವ ಬೆಚ್ಚಿ ಕಣ್ಣು ಬಿಟ್ಟ.

"ಯಾಕೆ ಹಾಕಿದಿರಿ? ಅವಳು ಕೂಗು ನಿಲ್ಲಿಸಿಬಿಟ್ಟಳು."

"ಯಾರು?"

"ಅವ್ವ. ಉಬ್ಬರ ಏರುವಾಗ ಕೂಗ್ತಾಳೆ. ಹಲಗೆ ಹಾಕಿದ ಕೂಡಲೇ ಸುಮ್ಮನಾಗ್ತಾಳೆ. ಹಾಕದಿದ್ದರೆ ಕೂಗ್ತಾನೇ ಇರ್ತಾಳೆ." ಅವನು ಹಲಗೆಯ ಮೇಲೆ ಕೈಯಿಟ್ಟ. "ಇನ್ನೊಂಚೂರು ಕೇಳೂವಾ ಅಂತ."

ಗುರುಗಳು ಬೈಯಲಿಲ್ಲ. ಅವನನ್ನು ಗುಡಿಸಲಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಕುಂಡದಲ್ಲಿ ಅದೇ ಬೀಜದ ಹತ್ತು ಸಸಿಗಳಿದ್ದವು. ಸೀಸೆಯ ಹರಳನ್ನೆಲ್ಲ ನೀರಿಗೆ ಸುರಿದು, ಆ ನೀರನ್ನು ಕುಂಡಕ್ಕೆ ಹೊಯ್ದರು.

"ಅಷ್ಟೊಂದಾ?" ಎಂದ ಮಾದೇವ.

"ಉಸಿರು ಉಳೀಲಿ ಅಂತ. ನಿನಗೆ ಬೇಕಾದ್ದೂ ಅದೇ ಅಲ್ಲವಾ?"

ಮರುದಿನ ಹತ್ತೂ ಸಸಿಗಳು ಕಪ್ಪಾಗಿ ಬಿದ್ದಿದ್ದವು. ಮಾದೇವ ಅವನ್ನು ಒಂದೊಂದಾಗಿ ಎತ್ತಿ ಅಂಗೈಯಲ್ಲಿಟ್ಟುಕೊಂಡ. ಅವ್ವ ಕಟ್ಟಿಟ್ಟ ಬೀಜ. ಅವನಿಗೆ ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಉಬ್ಬರ ಏರತೊಡಗಿತು. ಬಿಸಿಲು ಹಾಗೇ ಇತ್ತು, ಹಕ್ಕಿಗಳ ಸದ್ದು ಮಾತ್ರ ನಿಂತುಹೋಯಿತು.

ಗುರುಗಳು ಥಟ್ಟನೆ ಒಡ್ಡಿನ ಕಡೆ ತಿರುಗಿದರು. ಅವರ ಕೈ ಮೇಲಿನ ರೋಮ ನಿಮಿರಿತ್ತು.

"ನಿಮಗೂ ಕೇಳಿತಾ?" ಎಂದ ಮಾದೇವ.

"ನಿನ್ನ ಹೆಸರು ಕರೀತಾ ಇದ್ದಾಳೆ. ಹೋಗು."

ಮಾದೇವ ಓಡಿದ. ತೂಬಿನ ಹತ್ತಿರ ಕೂಗು ಎಷ್ಟು ಸಮೀಪವಿತ್ತೆಂದರೆ ಕುತ್ತಿಗೆಗೆ ಉಸಿರು ತಾಗಿತು. ಅವನು ತಿರುಗಿ ನೋಡಲಿಲ್ಲ. ಕಣ್ಣು ಮುಚ್ಚಿ ಹಲಗೆ ಇಳಿಸಿದ.

ಕೂಗು ನಿಂತಿತು.

ಹೊರಗೆ ಕಡಲು ಹಲಗೆಗೆ ಬಡಿಯುತ್ತಿತ್ತು. ಒಳಗೆ ಅವ್ವನ ಸಸಿಗಳು ನಿಂತಿದ್ದವು. ಹಿಂದಿನಿಂದ ಗುರುಗಳು ನಿಧಾನವಾಗಿ ಬಂದರು.

"ಗುರುಗಳೇ, ಅವ್ವ ಹೋದಳು."

"ಹೇಳಿದ್ದು ಮುಟ್ಟಿತಲ್ಲ, ಇನ್ನೇಕೆ ನಿಲ್ತಾಳೆ?"