ಹಸಿರು ತೋರಿಸಿದ ಪರದೆ

ಮಕ್ಕಳೇ, ಕಾಡಿನ ನಡುವೆ ಒಂದು ಕೆರೆ. ಅದರ ಒಂದು ದಂಡೆಯಲ್ಲಿ ಹೊಳೆವ್ವ ಎಂಬ ನೀರುನಾಯಿ ತನ್ನ ಒಂದೇ ಮರಿ ಚಿಗುರಿಯ ಜೊತೆ ವಾಸವಾಗಿದ್ದಳು. ಎದುರು ದಂಡೆಯಲ್ಲಿ ಕೆಂಚಣ್ಣ ಎಂಬ ಕತ್ತೆಕಿರುಬನ ಕಂಪನಿ. ಮೂಳೆ ಕುದಿಸಿ ಗೋಂದು ಮಾಡುವುದು ಅವನ ಕಸುಬು. ಉಳಿದ ಕೊಳೆಯನ್ನು ಕೆರೆಗೆ ಬಿಡುವುದು ಅವನ ಚಾಳಿ.

ನೀರುನಾಯಿಗಳಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ತಾಯಿ ಮೊದಲು ನೀರನ್ನು ನೆಕ್ಕಿ ನೋಡಬೇಕು. ಮರಿ ಇಳಿಯುವುದು ಆಮೇಲೆಯೇ.

ಒಂದು ದಿನ ಕೆರೆಯ ತುಂಬ ಸತ್ತ ಮೀನು ತೇಲಿದವು. ಪ್ರಾಣಿಗಳೆಲ್ಲ ಹೋಗಿ ಮುಖಂಡೆಯಾದ ಆನೆ ದೊಡ್ಡಮ್ಮನ ಮುಂದೆ ಕೂಗಾಡಿದವು.

"ಕೊಳೆ ನಿಲ್ಲಿಸು, ಇಲ್ಲವೇ ಕಂಪನಿ ಮುಚ್ಚು," ಎಂದಳು ಆನೆ ಕೆಂಚಣ್ಣನಿಗೆ.

ಕೊಳೆ ಸೋಸುವ ತೊಟ್ಟಿ ಕಟ್ಟಲು ಒಂದು ವರ್ಷ ಬೆವರು ಹರಿಸಬೇಕು. ಕೆಂಚಣ್ಣ ಎರಡೇ ದಿನದಲ್ಲಿ ಡಿಜಿಟಲ್ ಯಂತ್ರ ತಂದು ನಿಲ್ಲಿಸಿದ. ದಂಡೆಯ ಮೇಲೆ ಎತ್ತರದ ಪರದೆ, ಅದಕ್ಕೆ ನೀರು ಪರೀಕ್ಷಿಸುವ ತಂತಿ. ನೀರು ಕೆಟ್ಟರೆ ಕೆಂಪು, ಚೆನ್ನಾಗಿದ್ದರೆ ಹಸಿರು. ಜೊತೆಗೆ, ನಾತ ಮುಚ್ಚಲು ಕೇದಗೆಯ ಅತ್ತರನ್ನು ಗುಟ್ಟಾಗಿ ಕೆರೆಗೆ ಸುರಿದ.

ಪರದೆ ಹಸಿರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಳೆವ್ವ ಮಾತ್ರ ನೀರಿಗೆ ಬಾಗಿದಳು.

"ಅಯ್ಯೋ ತಾಯಿ, ಇನ್ನೂ ನೆಕ್ಕುತ್ತೀಯಾ? ಯಾವ ಕಾಲದವಳು ನೀನು?" ಎಂದು ಕೆಂಚಣ್ಣ ನಕ್ಕ. ಕೆರೆಯೇ ನಕ್ಕಿತು. ಹೊಳೆವ್ವನಿಗೆ ನಾಚಿಕೆಯಾಯಿತು. ನಾಲಿಗೆ ಒಳಗೆ ಹೋಯಿತು.

ಮರುದಿನ ಬೆಳಿಗ್ಗೆ ಅವಳು ನೀರು ನೆಕ್ಕಲಿಲ್ಲ. ಪರದೆಯನ್ನಷ್ಟೇ ನೋಡಿದಳು.

"ಹಸಿರು ಅವ್ವಾ!" ಎಂದು ಚಿಗುರಿ ಚಂಗನೆ ನೆಗೆದಳು.

ಮರುಗಳಿಗೆಯೇ ಕಿರುಚಿದಳು. "ಉರಿ! ಅವ್ವಾ, ಕಣ್ಣು!"

ಹೊಳೆವ್ವ ಧುಮುಕಿದಳು. ನೀರು ಬಾಯಿಯನ್ನು ಸುಣ್ಣದಂತೆ ಸುಟ್ಟಿತು. ಮರಿಯನ್ನು ಕಚ್ಚಿ ದಡಕ್ಕೆಳೆದಳು. ಚಿಗುರಿಯ ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ತಾಯಿ ತಲೆಯೆತ್ತಿ ನೋಡಿದಳು.

ಪರದೆ ಇನ್ನೂ ಹಸಿರು!

ಕಿರುಚಾಟ ಕೇಳಿ ಎಲ್ಲರೂ ಓಡಿಬಂದರು. ಅವಳು ಮರಿಯನ್ನು ದೊಡ್ಡಮ್ಮನ ಕಾಲ ಬಳಿ ಮಲಗಿಸಿ, ಪರದೆಯಿಂದ ಇಳಿದ ತಂತಿಯ ಗುಂಟ ಓಡಿದಳು. ತಂತಿ ಕೆರೆಗೆ ಹೋಗಿರಲಿಲ್ಲ. ಕಂಪನಿಯ ಹಿತ್ತಲಿಗೆ ಹೋಗಿತ್ತು. ಅಲ್ಲಿ ಒಂದು ಮಣ್ಣಿನ ಮಡಕೆ, ಅದರ ತುಂಬ ಬೆಟ್ಟದ ಒರತೆಯ ತಿಳಿನೀರು. ತಂತಿಯ ತುದಿ ಆ ಮಡಕೆಯೊಳಗೆ ಹಾಯಾಗಿ ಮುಳುಗಿತ್ತು.

ಹೊಳೆವ್ವ ತಂತಿಯನ್ನು ಕಚ್ಚಿ ಎಳೆದು ತಂದು, ಎಲ್ಲರ ಎದುರಿಗೇ ಕೆರೆಗೆ ಅದ್ದಿದಳು.

ಪರದೆ ಕೆಂಪಗೆ ಉರಿಯಿತು.

"ಯಂತ್ರ ಕೆಟ್ಟಿದೆ!" ಎಂದು ಕೆಂಚಣ್ಣ ಅರಚಿದ.

"ಹಾಗಾದರೆ ನೀರು ಒಳ್ಳೆಯದೇ ಅಲ್ಲವೇ ಅಣ್ಣ? ಒಂದು ಗುಟುಕು ಕುಡಿ," ಎಂದಳು ಹೊಳೆವ್ವ.

ಕೆಂಚಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟೇ ಸಾಕಾಯಿತು. ಆನೆ ಕೊಳೆ ಹರಿಯುವ ಕೊಳವೆಯನ್ನು ಒಂದೇ ತುಳಿತಕ್ಕೆ ಚಪ್ಪಟೆ ಮಾಡಿದಳು. ಕಂಪನಿಗೆ ಬೀಗ ಬಿತ್ತು.

ಚಿಗುರಿಯ ಎಡಗಣ್ಣು ಮೂರನೆಯ ದಿನ ತೆರೆಯಿತು. ಬಲಗಣ್ಣು ತೆರೆಯಲೇ ಇಲ್ಲ.

ಪರದೆಯನ್ನು ಯಾರೂ ಕೀಳಲಿಲ್ಲ. ಹೊಳೆವ್ವ ಈಗಲೂ ದಿನಾ ಬೆಳಿಗ್ಗೆ ಮೊದಲು ನೀರು ನೆಕ್ಕುತ್ತಾಳೆ, ಆಮೇಲೆ ತಂತಿಯ ತುದಿ ಎಲ್ಲಿದೆ ಎಂದು ನೋಡುತ್ತಾಳೆ. ಪರದೆಯ ಕಡೆ ಕತ್ತೆತ್ತುವುದು ಕೊನೆಗೆ.

ನೀತಿ: ಕೊಳೆ ತೊಳೆಯದೆ ಯಂತ್ರ ತಂದವನನ್ನು ನಂಬಬೇಡಿ, ಯಂತ್ರದ ತಂತಿ ಎಲ್ಲಿ ಮುಳುಗಿದೆ ಎಂದು ನೀವೇ ಹೋಗಿ ನೋಡಿ.