ಮರಳಿನ ಮೇಲಿನ ಅಂಗಡಿ

ಹೊಳೆದಂಡೆಯ ಮಠದಲ್ಲಿ ದಿನಾ ಮಜ್ಜಿಗೆ ಕಡೆಯುತ್ತಿದ್ದವನು ಈರಭದ್ರ. ಮಠದ ಸ್ವಾಮಿಗಳಾದ ಅಜ್ಜಾರ ಶಿಷ್ಯ, ಮಹಾ ಕನಸುಗಾರ.

ಒಂದು ಬೇಸಿಗೆಯಲ್ಲಿ ಅವನು ಅಜ್ಜಾರ ಮುಂದೆ ಕೈಮುಗಿದು ನಿಂತ.

“ಅಜ್ಜಾರ, ದೋಣಿ ನಿಲ್ಲೋ ಕಡೆ ಒಂದು ಮಜ್ಜಿಗಿ ಅಂಗಡಿ ಹಾಕ್ತೀನ್ರಿ. ನಮ್ಮಕ್ಕ ಮಂದಿ ಮನ್ಯಾಗ ಮುಸುರಿ ತಿಕ್ಕಿ ಸವೆದು ಹೋಗ್ಯಾಳ. ಆಕಿನ್ನ ಕರಕೊಂಡು ಬರಬೇಕ್ರಿ.”

“ಹಾಕು. ಊಟ ಮುಗಿದ ಮ್ಯಾಲೆ ಮಿಕ್ಕ ಮಜ್ಜಿಗಿ ಎಲ್ಲಾ ನಿಂದ,” ಎಂದರು ಅಜ್ಜಾರು.

ಈರಭದ್ರ ಕುಣಿಯುತ್ತ ಹೊಳೆಗೆ ಓಡಿದ. ಕೋಲು ಹಿಡಿದು ಮರಳಿನ ಮೇಲೆ ಅಂಗಡಿ ಗೀಚಿದ. ಇಲ್ಲಿ ಬಾಗಿಲು, ಇಲ್ಲಿ ಬೆಂಚು, ಇಲ್ಲಿ ಗಡಿಗೆಗಳು. ನೋಡನೋಡುತ್ತ ಗಡಿಗೆಯ ತಂಪು ಅವನ ಕೈಗೆ ತಾಗಿತು, ಕರಿಬೇವಿನ ವಾಸನೆ ಬಂತು. ಅಕ್ಕ ಒಳಗೆ ಕೂತು ನಗುತ್ತಿದ್ದಳು.

ಮಧ್ಯಾಹ್ನ ಅಜ್ಜಾರು ಬಂದರು. ಗೀಚಿದ ಬಾಗಿಲ ಹೊರಗೆ ಪಾವುಗೆ ಬಿಟ್ಟು, ತಲೆ ಬಗ್ಗಿಸಿ ಒಳಗೆ ಬಂದು, ಗೀಚಿದ ಬೆಂಚಿನ ಮೇಲೆ ಕೂತರು.

“ಒಂದು ಲೋಟ ಮಜ್ಜಿಗಿ ಕೊಡೋ.”

“ಅಂಗಡಿ ಇನ್ನೂ ಚಾಲೂ ಆಗಿಲ್ರಿ ಅಜ್ಜಾರ!”

“ನನ್ನ ನೀರಡಿಕಿ ಚಾಲೂ ಆಗೇತಲ್ಲೋ.”

ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಹೋದರು.

ಮರುದಿನ ಈರಭದ್ರ ಒಂದು ಚಪ್ಪರ ಗೀಚಿದ. ಅಜ್ಜಾರು ಬಂದು ಅದರ ಕೆಳಗೆ ಕೂತು ಬೆವರು ಒರೆಸಿಕೊಂಡರು.

“ನೆರಳು ಭಾಳ ಚಲೋ ಐತಿ. ಮಜ್ಜಿಗಿ?”

“ಎಲ್ಲಾ ಕೂಡಿ ಬರಲ್ರಿ ಅಜ್ಜಾರ. ಬೋಣಿಗಿ ನಿಮ್ಮ ಕೈಲೇ ಆಗಬೇಕು. ಅವತ್ತು ಒಂದು ಕೊರತಿ ಇರಬಾರದು ನೋಡ್ರಿ.”

ಅಜ್ಜಾರು ನಕ್ಕು ಹೋದರು. ಹಾಗೇ ಎಷ್ಟೋ ದಿನ ಬಂದರು, ಹೋದರು.

ಅಂಗಡಿ ಬೆಳೆಯುತ್ತಲೇ ಇತ್ತು. ಗಾಳಿಗೆ ಗೆರೆ ಮಸುಕಾದರೆ ಬೆಳಿಗ್ಗೆ ಎದ್ದು ಮತ್ತೆ ತೀಡುತ್ತಿದ್ದ ಪುಣ್ಯಾತ್ಮ. ದೋಣಿಯಿಂದ ಇಳಿದ ಮಂದಿ ಬೆಚ್ಚಗಿನ ಹೊಳೆನೀರನ್ನೇ ಬೊಗಸೆಯಲ್ಲಿ ಕುಡಿದು ಗೆರೆ ದಾಟಿ ಹೋಗುತ್ತಿದ್ದರು.

“ಏ, ಸುತ್ತು ಹಾಕಿ ಹೋಗ್ರಿ, ಗ್ವಾಡಿ ಐತಿ!” ಎಂದು ಈರಭದ್ರ ಬೈಯುತ್ತಿದ್ದ.

ಮಿಕ್ಕ ಮಜ್ಜಿಗೆಯನ್ನು ಮಠದ ದನಗಳು ಕುಡಿಯುತ್ತಿದ್ದವು.

ಒಂದು ದಿನ ದೋಣಿಯಿಂದ ಅಕ್ಕ ಶಾಂತವ್ವ ಗಂಟು ಹೊತ್ತು ಇಳಿದಳು. ಅಂಗಡಿ ಆಯಿತು, ಬಾ ಎಂದು ಈರಭದ್ರನೇ ಯಾರ ಕೈಲೋ ಹೇಳಿ ಕಳಿಸಿದ್ದ. ಕನಸಿನ ಭರದಲ್ಲಿ ಆಡಿದ ಮಾತು.

“ಅಂಗಡಿ ಎಲ್ಲೈತೋ ತಮ್ಮಾ?”

ಅವನು ನೆಲ ನೋಡಿದ. ಅವಳೂ ನೋಡಿದಳು. ಇದ್ದ ಕೆಲಸ ಬಿಟ್ಟು ಬಂದಿದ್ದಳು ಪಾಪ, ಕಣ್ಣು ತುಂಬಿ ಬಂದವು.

“ಹೋಗ್ಲಿ ಬಿಡು. ಇದೇ ದೋಣಿಗೆ ತಿರುಗಿ ಹೋಗ್ತೀನಿ. ಕಾಲಿಗೆ ಬಿದ್ದರ ಮತ್ತ ಇಟ್ಟುಕೋತಾರ. ಗಂಟಲು ಒಣಗೇತಿ, ಕುಡಿಯಾಕ ಏನರ ಕೊಡು.”

ಈರಭದ್ರ ನಾಚಿಕೆಯಿಂದ ಸತ್ತೇ ಹೋದ. ಮಠಕ್ಕೆ ಓಡಿದ. ದನಕ್ಕೆ ಸುರಿಯಲು ಇಟ್ಟಿದ್ದ ಮಜ್ಜಿಗೆಯ ಕೊಡ ಹೊತ್ತು ಏದುಸಿರು ಬಿಡುತ್ತ ಬಂದ. ಮರಳಲ್ಲೇ ಕುಕ್ಕರಗಾಲಲ್ಲಿ ಕೂತು ಅಕ್ಕನ ಬೊಗಸೆಗೆ ಹಾಕಿದ.

ಪಕ್ಕದಲ್ಲಿದ್ದ ಮುದುಕಿಯೊಬ್ಬಳು, “ನನಗೂ ಈಟು ಹಾಕಪ್ಪಾ,” ಎಂದು ಒಂದು ನಾಣ್ಯ ಮುಂದಿಟ್ಟಳು. ಅವಳ ಹಿಂದೆ ಅಂಬಿಗ ಬಂದ. ಅವನ ಹಿಂದೆ ಮತ್ತೊಬ್ಬ, ಮತ್ತೊಬ್ಬ. ತಮ್ಮನೊಬ್ಬನ ಕೈ ಸಾಲದ್ದು ಕಂಡು ಶಾಂತವ್ವ ಗಂಟು ಕೆಳಗಿಟ್ಟು ತಾನೇ ಕೊಡ ತಗೊಂಡು ಹಾಕತೊಡಗಿದಳು.

“ಯವ್ವಾ, ದೋಣಿ ಬಿಡ್ತೀನಿ, ಬರ್ತೀಯೇನು?” ಅಂಬಿಗ ಮತ್ತೆ ದೋಣಿ ಹತ್ತಿ ಕೂಗಿದ.

“ನೀ ನಡಿಯಪ್ಪಾ, ಇಲ್ಲಿ ಮಂದಿ ನಿಂತಾರ.”

ಆಗ ಈರಭದ್ರ ಕೆಳಗೆ ನೋಡಿದ. ಗೋಡೆಯಿಲ್ಲ, ಬಾಗಿಲಿಲ್ಲ, ಚಪ್ಪರವಿಲ್ಲ. ಎಲ್ಲಿ ನೋಡಿದರೂ ಹೆಜ್ಜೆಗಳು.

“ಅಯ್ಯೋ ಅಜ್ಜಾರ, ನನ್ನ ಅಂಗಡಿ ಅಳಿಸಿ ಹೋತ್ರಿ!”

ಸಾಲಿನ ಕೊನೆಯಲ್ಲಿ ಬರಿಗಾಲಲ್ಲಿ ನಿಂತಿದ್ದ ಅಜ್ಜಾರು ಬೊಗಸೆ ಚಾಚಿದರು.

“ಮಾತು ಆಮ್ಯಾಲೆ ಆಡೂಣು. ಮೊದಲು ಹಾಕು, ನಾ ನಿನ್ನ ಹಳೇ ಗಿರಾಕಿ.”